ಅಪ್ಪನ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ, ತಮ್ಮನಿಗೂ

ಮೇಡಂ,

ನನಗೆ 48 ವರ್ಷ. ಸಂಸಾರ ಮೈಸೂರಿನಲ್ಲಿ, ತವರು ತಿಪಟೂರಿನ ಹತ್ತಿರದ ಹಳ್ಳಿ. ಅಪ್ಪ ಕೊಬ್ಬರಿ ವ್ಯಾಪಾರದಲ್ಲಿ ದುಡಿದು ತಿಪಟೂರಿನಲ್ಲಿ ಒಂದು ಸೈಟು ಮಾಡಿದ್ದರು. ಹೋದ ವರ್ಷ ತೀರಿಕೊಂಡರು. ಅದಕ್ಕೆ ಮುಂಚಿನ ಗೌರಿ ಹಬ್ಬಕ್ಕೆ ಹೋಗಿದ್ದಾಗ ಜಗಲಿ ಮೇಲೆ ಕೂತು, ಕಾಫಿ ಲೋಟ ಕೆಳಗಿಟ್ಟು, "ಆ ಸೈಟು ನಿಂಗೇ ಕಣಮ್ಮ" ಅಂದರು. ಉಟ್ಟಿದ್ದ ಪಂಚೆಯ ಅಂಚು ಕೂಡ ಕಣ್ಣಿಗೆ ಕಟ್ಟಿದ ಹಾಗಿದೆ. ತಮ್ಮ ಹೇಳುವುದೇ ಬೇರೆ. "ಅಕ್ಕಾ, ಅಪ್ಪ ಅವತ್ತು ಸೈಟು ಮಾರಿ ತೋಟದ ಸಾಲ ತೀರಿಸು ಅಂದ್ರು. ನಿನ್ನ ಮದುವೆಗೆ ಮಾಡಬೇಕಾದ್ದೆಲ್ಲ ಮಾಡಿದ್ದಾಯ್ತು ಅಂದ್ರು. ನಾನೂ ಅಲ್ಲೇ ಕೂತಿದ್ದೆ" ಅನ್ನುತ್ತಾನೆ. ಧರ್ಮಸ್ಥಳಕ್ಕೆ ಬಂದು ಆಣೆ ಮಾಡುತ್ತೇನೆ ಅನ್ನುತ್ತಾನೆ. ನಾನೂ ಮಾಡಲು ತಯಾರು. ಅಮ್ಮನನ್ನು ಕೇಳಿದರೆ ನನ್ನೆದುರು ನನ್ನ ಮಾತಿಗೆ ಹ್ಞೂಂ, ಅವನೆದುರು ಅವನ ಮಾತಿಗೆ ಹ್ಞೂಂ. ಸುಳ್ಳು ಪತ್ತೆ ಮಾಡುವ ಮಷೀನು ಇದೆಯಲ್ಲ ಅನ್ನುತ್ತಾರೆ ನಮ್ಮ ಯಜಮಾನರು. ಅಪ್ಪನಿಗೆ ಎದೆನೋವು ಬಂದಾಗ ಗ್ಯಾಸ್ಟ್ರಿಕ್ ಅಂದುಕೊಂಡು ಒಂದು ದಿನ ತಡ ಮಾಡಿದವನೂ ಇವನೇ. ಅದು ಹೃದಯದ್ದೇ ಅಂತ ನನಗೆ ಆಗಲೇ ಗೊತ್ತಿತ್ತು. ಆಸ್ಪತ್ರೆಗೆ ಓಡಾಡಿದ್ದು, ಖರ್ಚು ನೋಡಿಕೊಂಡಿದ್ದು ಹೆಚ್ಚಾಗಿ ನಾನೇ. ಈಗ ಬರುವ ತಿಂಗಳು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕು ಅನ್ನುತ್ತಿದ್ದಾನೆ. ಅವನು ಇಷ್ಟು ಧೈರ್ಯವಾಗಿ ಸುಳ್ಳು ಹೇಳುತ್ತಿದ್ದಾನಾ, ಅಥವಾ ನನಗೇ ತಲೆ ಕೆಟ್ಟಿದೆಯಾ? ಅಪ್ಪನಿಗೆ ಕೊನೆಕೊನೆಗೆ ಮರೆವು ಬಂದಿತ್ತು. ನನಗೂ ಅದೇ ಶುರುವಾಯಿತೇನೋ ಎಂಬ ಭಯಕ್ಕೆ ರಾತ್ರಿ ನಿದ್ದೆ ಬರುವುದಿಲ್ಲ.

- ನೊಂದ ಅಕ್ಕ, ಮೈಸೂರು

ಪ್ರೀತಿಯ ಅಕ್ಕ,

ನಿಮ್ಮ ಪತ್ರವನ್ನು ನಿಧಾನವಾಗಿ, ಮತ್ತೆ ಮತ್ತೆ ಓದಿದೆ. ನೀವು ಮುಂದಿಟ್ಟಿರುವುದು ಎರಡೇ ದಾರಿ: ತಮ್ಮ ಸುಳ್ಳುಗಾರ, ಇಲ್ಲವೇ ನಿಮ್ಮ ತಲೆ ಸರಿಯಿಲ್ಲ. ನನ್ನ ತಿಳಿವಳಿಕೆಯ ಮಟ್ಟಿಗೆ ಎರಡೂ ಆಗಿರಬೇಕಾಗಿಲ್ಲ. ಮನಸ್ಸು ನೆಟ್ಟಗಿರುವ, ಸುಳ್ಳು ಹೇಳದ ಇಬ್ಬರು ಒಂದೇ ಸಂಜೆಯನ್ನು ಎರಡು ರೀತಿ ನೆನಪಿಟ್ಟುಕೊಳ್ಳುವುದು ದಿನನಿತ್ಯ ನಡೆಯುವ ಸಂಗತಿ. ಇದನ್ನು ನಿಮ್ಮ ಸಮಾಧಾನಕ್ಕೆಂದು ಹೇಳುತ್ತಿಲ್ಲ. ಕಳೆದ ಶತಮಾನದುದ್ದಕ್ಕೂ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದ್ದಾರೆ.

ನಿಮ್ಮ ಇಡೀ ವಾದ ನಿಂತಿರುವುದು ಆ ಪಂಚೆಯ ಅಂಚಿನ ಮೇಲೆ. ಅಷ್ಟು ಸ್ಪಷ್ಟವಾಗಿ ಕಾಣುವುದು ಸುಳ್ಳಾಗಲು ಹೇಗೆ ಸಾಧ್ಯ ಎಂಬುದು ನಿಮ್ಮ ಪ್ರಶ್ನೆ. ಅದಕ್ಕೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ ಕೆಲವೇ ಕ್ಷಣಗಳಲ್ಲಿ ಸಿಡಿದು, ಒಳಗಿದ್ದ ಏಳು ಮಂದಿಯೂ ತೀರಿಕೊಂಡರು. ಮರುದಿನ ಬೆಳಿಗ್ಗೆ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ಎಂಬ ಪ್ರಾಧ್ಯಾಪಕರು 106 ವಿದ್ಯಾರ್ಥಿಗಳ ಕೈಯಲ್ಲಿ ಒಂದು ಹಾಳೆ ತುಂಬಿಸಿದರು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ ಎಂಬಂಥ ಪ್ರಶ್ನೆಗಳು. ಸುಮಾರು ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಮಂದಿಯನ್ನು ನೈಸರ್ ಮತ್ತು ಅವರ ಸಹೋದ್ಯೋಗಿ ನಿಕೋಲ್ ಹಾರ್ಶ್ ಮತ್ತೆ ಅದೇ ಪ್ರಶ್ನೆ ಕೇಳಿದರು. ಮುಖ್ಯ ವಿವರಗಳು ಹಳೆಯ ಹಾಳೆಯೊಂದಿಗೆ ತಾಳೆಯಾದರೆ 7 ಅಂಕ. ಸರಾಸರಿ ಬಂದದ್ದು 3ಕ್ಕಿಂತ ಸ್ವಲ್ಪ ಕಡಿಮೆ. 11 ಮಂದಿಗೆ ಸೊನ್ನೆ. ಏಳಕ್ಕೆ ಏಳೂ ಪಡೆದವರು ಮೂವರು ಮಾತ್ರ. ಒಬ್ಬ ವಿದ್ಯಾರ್ಥಿನಿ ಮರುದಿನ ಬರೆದದ್ದು, ಧರ್ಮಶಾಸ್ತ್ರದ ತರಗತಿಯಲ್ಲಿ ಕೂತಿದ್ದಾಗ ಯಾರೋ ಒಳಗೆ ಬಂದು ಮಾತಾಡಿಕೊಂಡರು ಎಂದು. ಎರಡೂವರೆ ವರ್ಷದ ನಂತರ ಅವಳ ನೆನಪಿನಲ್ಲಿದ್ದದ್ದು ಹಾಸ್ಟೆಲ್ ಕೋಣೆ, ಪಕ್ಕದಲ್ಲಿ ಗೆಳತಿ, ಎದುರಿಗೆ ಟಿವಿ.

ನನ್ನನ್ನು ತಡೆದು ನಿಲ್ಲಿಸಿದ್ದು ಈ ಅಂಕಗಳಲ್ಲ, ಅವರ ಭರವಸೆ. ನಿಮ್ಮ ನೆನಪಿನ ಮೇಲೆ ಎಷ್ಟು ನಂಬಿಕೆ ಎಂದು ಕೇಳಿದಾಗ 5ಕ್ಕೆ ಸರಾಸರಿ 4ಕ್ಕೂ ಹೆಚ್ಚು ಕೊಟ್ಟುಕೊಂಡಿದ್ದರು. ಆಮೇಲೆ ಅವರದೇ ಕೈಬರಹದ ಹಳೆಯ ಹಾಳೆಯನ್ನು ಮುಂದಿಟ್ಟರು. ಅಕ್ಷರ ತಮ್ಮದೇ ಎಂದು ಒಪ್ಪಿದರು. ಆದರೂ ಹಾಳೆಯಲ್ಲಿದ್ದ ಮೊದಲಿನ ನೆನಪು ವಾಪಸು ಬರಲಿಲ್ಲ. ಹೊಸದು ಹಳೆಯದರ ಜಾಗದಲ್ಲಿ ಕೂತಾಗಿತ್ತು.

ಹಬ್ಬಕ್ಕೆ ಅಟ್ಟದಿಂದ ಇಳಿಸುವ ಹಿತ್ತಾಳೆ ಪಾತ್ರೆಯನ್ನು ನೆನೆಸಿಕೊಳ್ಳಿ. ವರ್ಷ ವರ್ಷ ಹುಣಸೆಹಣ್ಣು ಹಾಕಿ ತಿಕ್ಕಿದಷ್ಟೂ ಹೊಳಪು ಬರುತ್ತದೆ, ಅದರ ಕಂಠದಲ್ಲಿ ಕೊರೆಸಿದ ಹೆಸರು ಮಾತ್ರ ಸವೆಯುತ್ತಾ ಹೋಗುತ್ತದೆ. ಪ್ರೀತಿಯ ನೆನಪೂ ಹಾಗೆ. ಅಪ್ಪ ಹೋದ ಮೇಲೆ ನೀವು ಆ ಜಗಲಿಗೆ ಎಷ್ಟು ಸಲ ಹೋಗಿ ಬಂದಿದ್ದೀರೋ! ಪ್ರತಿ ಸಲವೂ ಹೊಳಪು ಹೆಚ್ಚಿದೆ. ಆ ಹೊಳಪು ಹೇಳುವುದು ನೀವು ಅಪ್ಪನನ್ನು ಎಷ್ಟು ಹಚ್ಚಿಕೊಂಡಿದ್ದಿರಿ ಎಂಬುದನ್ನು. ಅವರು ಅಂದ ಮಾತು ಇಂಥದ್ದೇ ಎಂದು ಅದು ಸಾಕ್ಷಿ ಹೇಳಲಾರದು. ನ್ಯೂಯಾರ್ಕಿನ ಅವಳಿ ಕಟ್ಟಡ ಉರುಳಿದ ಮರುದಿನ ಡ್ಯೂಕ್ ವಿಶ್ವವಿದ್ಯಾಲಯದ 54 ವಿದ್ಯಾರ್ಥಿಗಳೊಂದಿಗೆ ಶುರುವಾದ ಅಧ್ಯಯನ ಹೇಳಿದ್ದೂ ಇದನ್ನೇ. ಆ ದಿನದ ನೆನಪೂ ಅದೇ ಹೊತ್ತಿನ ಒಂದು ಸಾಮಾನ್ಯ ದಿನದ ನೆನಪೂ ಒಂದೇ ಪ್ರಮಾಣದಲ್ಲಿ ಬದಲಾಗುತ್ತಾ ಹೋದವು. ಆದರೆ ದೊಡ್ಡ ಘಟನೆಯ ನೆನಪಿನ ಮೇಲಿನ ನಂಬಿಕೆ ಮಾತ್ರ ಕುಗ್ಗಲೇ ಇಲ್ಲ.

ಈ ಮಾತು ತಮ್ಮನಿಗೂ ಅಷ್ಟೇ ಅನ್ವಯಿಸುತ್ತದೆ. ಅವನು ಆಣೆಗೆ ಸಿದ್ಧನಿರುವುದು ಅವನ ನೆನಪು ಸರಿ ಎಂಬುದಕ್ಕೆ ರುಜುವಾತಲ್ಲ.

ಒಡಹುಟ್ಟಿದವರ ವಿಷಯದಲ್ಲಿ ಇನ್ನೊಂದು ಅಧ್ಯಯನವಿದೆ. ನ್ಯೂಜಿಲೆಂಡಿನ ಮರ್ಸಿಡಿಸ್ ಶೀನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ್ದು. 20 ಜೋಡಿ ಅವಳಿಗಳಿಗೆ ಒಂದೊಂದೇ ಪದ ಕೊಟ್ಟು, ಅದರಿಂದ ನೆನಪಾಗುವ ಬಾಲ್ಯದ ಘಟನೆಯನ್ನು ಹೇಳಿ ಎಂದರು. 14 ಜೋಡಿಗಳಲ್ಲಿ ಕನಿಷ್ಠ ಒಂದಾದರೂ ಘಟನೆಯನ್ನು ಇಬ್ಬರೂ "ಅದು ನನಗೆ ಆದದ್ದು" ಎಂದು ಹೇಳಿಕೊಂಡರು. ಅವಳಿಗಳಲ್ಲದ ಒಡಹುಟ್ಟಿದವರಲ್ಲೂ, ಹತ್ತಿರದ ಸ್ನೇಹಿತರಲ್ಲೂ ಇಂಥ ತಕರಾರು ಕಂಡುಬಂತು, ಅವಳಿಗಳಿಗಿಂತ ಕಡಿಮೆ ಅಷ್ಟೆ. ಒಂದೇ ಸೂರಿನಡಿ ಬೆಳೆದವರು ಒಬ್ಬರ ಕತೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಕೇಳಿ, ಯಾರದು ಯಾವುದು ಎಂಬ ಗೆರೆಯನ್ನು ಗೊತ್ತಿಲ್ಲದೆ ದಾಟಿಬಿಡುತ್ತಾರೆ. ನನ್ನ ಬಳಿ ಬರುವ ಅಕ್ಕತಂಗಿಯರಲ್ಲಿ, ಅಣ್ಣತಮ್ಮಂದಿರಲ್ಲಿ ಆಸ್ತಿಯ ಮಾತು ಬಂದಾಗಲೆಲ್ಲ ಈ ಗೆರೆ ಅಳಿಸಿರುವುದನ್ನು ನೋಡಿದ್ದೇನೆ.

ಹಾಗಾದರೆ ನೆನಪನ್ನು ನಂಬುವುದೇ ಬೇಡವೇ ಎಂದು ನೀವು ಕೇಳಬಹುದು. ಅದೂ ಸರಿಯಲ್ಲ. ಇದೇ ನೈಸರ್ 1981ರಲ್ಲಿ ಜಾನ್ ಡೀನ್ ಎಂಬಾತನ ನೆನಪನ್ನು ಪರೀಕ್ಷಿಸಿದ್ದರು. ಡೀನ್ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಕಾನೂನು ಸಲಹೆಗಾರ. ವಾಟರ್‌ಗೇಟ್ ಹಗರಣದ ವಿಚಾರಣೆಯಲ್ಲಿ, 1973ರ ಜೂನ್‌ನಲ್ಲಿ, ಅಧ್ಯಕ್ಷರ ಕೋಣೆಯಲ್ಲಿ ನಡೆದ ಮಾತುಕತೆಗಳನ್ನು ಎಷ್ಟು ವಿವರವಾಗಿ ಹೇಳಿದನೆಂದರೆ ಪತ್ರಿಕೆಯವರು ಅವನನ್ನು ನಡೆದಾಡುವ ಟೇಪ್ ರೆಕಾರ್ಡರ್ ಎಂಬಂತೆ ಹೊಗಳಿದರು. ಆಮೇಲೆ ಗೊತ್ತಾಯಿತು, ಅಧ್ಯಕ್ಷರ ಕೋಣೆಯಲ್ಲಿ ನಿಜವಾಗಿಯೂ ಟೇಪ್ ಓಡುತ್ತಿತ್ತು! ನೈಸರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. 1972ರ ಸೆಪ್ಟೆಂಬರ್ 15ರ ಭೇಟಿಯಲ್ಲಿ ಇಂಥವರು ಇಂಥ ಮಾತು ಆಡಿದರು ಎಂದು ಡೀನ್ ಹೇಳಿದ್ದರಲ್ಲಿ ಹೆಚ್ಚಿನದು ಟೇಪಿನಲ್ಲಿ ಇರಲೇ ಇಲ್ಲ. ಅಧ್ಯಕ್ಷರು ತನ್ನನ್ನು ಮೆಚ್ಚಿಕೊಂಡರು ಎಂಬಂಥ, ಅವನು ಕೇಳಬಯಸಿದ್ದ ಮಾತುಗಳು ಸೇರಿಕೊಂಡಿದ್ದವು. ಆದರೆ ಹಗರಣವನ್ನು ಮುಚ್ಚಿಹಾಕುವ ಕೆಲಸ ನಡೆಯುತ್ತಿತ್ತು, ಅದು ನಿಕ್ಸನ್‌ಗೆ ಗೊತ್ತಿತ್ತು ಎಂಬ ಮೂಲ ಸಂಗತಿ ಅಪ್ಪಟ ನಿಜ. ಮಾತು ತಪ್ಪಿತ್ತು, ತಾತ್ಪರ್ಯ ತಪ್ಪಿರಲಿಲ್ಲ.

ಅಕ್ಕ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮಗಳಿಗೆ ಏನಾದರೂ ಉಳಿಸಬೇಕೆಂಬ ಆಸೆ ಅಪ್ಪನಿಗೆ ಇದ್ದಿರಬಹುದು. ತೋಟದ ಸಾಲ ಮಗನ ತಲೆಗೆ ಬರುತ್ತದಲ್ಲ ಎಂಬ ಚಿಂತೆಯೂ ಇದ್ದಿರಬಹುದು. ವಯಸ್ಸಾದ ತಂದೆ ಹಬ್ಬದ ಸಂಜೆ ಮಗಳ ಮುಖ ನೋಡಿ ಒಂದು ಮಾತು, ಇನ್ನೊಂದು ದಿನ ಬ್ಯಾಂಕಿನ ನೋಟಿಸು ಹಿಡಿದು ಬಂದ ಮಗನ ಮುಖ ನೋಡಿ ಇನ್ನೊಂದು ಮಾತು ಆಡುವುದು ಯಾವ ಮನೆಯಲ್ಲಿ ಇಲ್ಲ? ನೀವಿಬ್ಬರೂ ನಿಮಗೆ ಬೇಕಾದ ಅರ್ಧವನ್ನು ಎದೆಯಲ್ಲಿಟ್ಟುಕೊಂಡು ಒಂದೇ ದಿನಕ್ಕೆ ಜೋಡಿಸಿಕೊಂಡಿರಬಹುದು. ಹೀಗೇ ಆಯಿತು ಎಂದು ನಾನು ಹೇಳಲಾರೆ. ಯಾರೂ ಹೇಳಲಾರರು. ನಿಮ್ಮ ಮನೆಯ ಜಗಲಿಯಲ್ಲಿ ಟೇಪ್ ಓಡುತ್ತಿರಲಿಲ್ಲ.

ಹಾಗಾಗಿ ಆಣೆಯ ಯೋಚನೆಯನ್ನು ದಯವಿಟ್ಟು ಬಿಡಿ. ಧರ್ಮಸ್ಥಳದ ಮೇಲೆ ನಿಮಗಿರುವ ಭಕ್ತಿಯನ್ನು ಗೌರವಿಸಿಯೇ ಹೇಳುತ್ತೇನೆ. ಸುಳ್ಳು ಹೇಳುವವನು ದೇವರ ಮುಂದೆ ಅಂಜುತ್ತಾನೆ ಎಂಬ ನಂಬಿಕೆಯ ಮೇಲೆ ಆಣೆ ನಿಂತಿದೆ. ನೀವಿಬ್ಬರೂ ಅಂಜದೆ ಆಣೆ ಮಾಡುತ್ತೀರಿ, ಏಕೆಂದರೆ ಇಬ್ಬರಿಗೂ ಅದು ಸತ್ಯವೇ. ಅಲ್ಲಿಂದ ವಾಪಸು ಬರುವಾಗ ಸೈಟಿನ ವಿಷಯ ಇದ್ದಲ್ಲೇ ಇರುತ್ತದೆ. ಹೆಚ್ಚೆಂದರೆ, ಮಂಜುನಾಥನ ಮುಂದೆಯೂ ಸುಳ್ಳು ಹೇಳಿದ ಎಂಬ ಕಹಿಯೊಂದು ಜೀವನಪೂರ್ತಿ ಉಳಿಯುತ್ತದೆ. ಯಜಮಾನರು ಹೇಳಿದ ಮಷೀನಿನ ಮಾತೂ ಅಷ್ಟೇ. ಅದು ಅಳೆಯುವುದು ಎದೆಬಡಿತ, ಉಸಿರು, ಬೆವರನ್ನು. ನಂಬಿ ಹೇಳುವವನ ಎದೆ ಯಾಕೆ ಹೆಚ್ಚು ಬಡಿದುಕೊಳ್ಳಬೇಕು? ಪೊಲೀಸ್ ತನಿಖೆಯಲ್ಲಿ ಕೂಡ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟಿದೆ. ಅದು ನಮ್ಮ ಕರ್ನಾಟಕ ಸರ್ಕಾರವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣ.

ಇನ್ನು ಅಮ್ಮನ ವಿಷಯ. ಪತ್ರದಲ್ಲಿ ನನಗೆ ಹೆಚ್ಚು ನೋವಾದದ್ದು ಇಲ್ಲಿ. ಆ ತಾಯಿ ಗಂಡನನ್ನು ಕಳೆದುಕೊಂಡ ದುಃಖದಲ್ಲೇ ಇದ್ದಾರೆ. ಅವರನ್ನು ಮಕ್ಕಳಿಬ್ಬರೂ ಸಾಕ್ಷಿಕಟ್ಟೆಗೆ ಹತ್ತಿಸಿದ್ದೀರಿ. ನೀವು ಅವರನ್ನು ಕೇಳಿದ್ದು ಹೇಗೆ? "ಅಮ್ಮಾ, ಅಪ್ಪ ಸೈಟು ನಂಗೆ ಅಂದ್ರಲ್ವಾ?" ಎಂದೇ ಇರಬೇಕು. ಪ್ರಶ್ನೆಯೊಳಗೇ ಉತ್ತರ ಕೂತಿದೆ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ಫಿಲ್ಮ್ ತೋರಿಸಿದರು. 50 ಮಂದಿಗೆ "ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ಎಷ್ಟು ವೇಗದಲ್ಲಿದ್ದವು" ಎಂದು ಕೇಳಿದರು, ಇನ್ನು 50 ಮಂದಿಗೆ "ತಾಗಿದಾಗ" ಎಂಬಂಥ ಸೌಮ್ಯ ಪದ ಬಳಸಿದರು, ಉಳಿದವರಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಎಂದು ಎಲ್ಲರನ್ನೂ ಕೇಳಿದರು. ಫಿಲ್ಮಿನಲ್ಲಿ ಗಾಜೇ ಒಡೆದಿರಲಿಲ್ಲ. "ಅಪ್ಪಳಿಸಿದಾಗ" ಎಂಬ ಪದ ಕೇಳಿದ್ದವರಲ್ಲಿ 16 ಮಂದಿ ನೋಡಿದೆವು ಎಂದರು. ಸೌಮ್ಯ ಪದ ಕೇಳಿದವರಲ್ಲಿ 7, ಏನೂ ಕೇಳದವರಲ್ಲಿ 6. ಒಂದೇ ಒಂದು ಪದ ಇಷ್ಟು ಮಾಡುವುದಾದರೆ, ಮಗಳ ಕಣ್ಣೀರು, ಮಗನ ಏರುದನಿ ಆ ವಯಸ್ಸಾದ ಜೀವದ ನೆನಪಿಗೆ ಏನು ಮಾಡೀತು? ಅವರು ಯಾರಿಗೂ ಮೋಸ ಮಾಡುತ್ತಿಲ್ಲ. ಎದುರಿಗಿರುವ ಮಗುವಿನ ಮನಸ್ಸು ನೋಯದಿರಲಿ ಎಂದು ಹ್ಞೂಂ ಅನ್ನುತ್ತಿದ್ದಾರೆ. ಇನ್ನು ಮುಂದೆ ಅವರನ್ನು ಈ ವಿಷಯ ಕೇಳಲೇಬೇಡಿ. ತಮ್ಮನೂ ಕೇಳದಂತೆ ಒಪ್ಪಿಸಿ.

ಆಸ್ಪತ್ರೆಗೆ ತಡವಾದದ್ದರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಸೈಟಿಗಿಂತ ಆಳದ ಗಾಯ ಅದೇ ಇರಬೇಕೆಂದು ನನಗೆ ಅನಿಸಿತು. "ನನಗೆ ಆಗಲೇ ಗೊತ್ತಿತ್ತು" ಎಂದಿದ್ದೀರಿ. ನಿಜವಾಗಿ ಗೊತ್ತಿತ್ತೇ ಅಕ್ಕ? ಗೊತ್ತಿದ್ದರೆ ಮೈಸೂರಿನಿಂದ ಆ ರಾತ್ರಿಯೇ ಹೊರಟು ಬರುತ್ತಿದ್ದಿರಿ, ನಿಮ್ಮಂಥ ಮಗಳು ಸುಮ್ಮನೆ ಕೂರುವವಳಲ್ಲ. ಬರೂಕ್ ಫಿಷಾಫ್ ಮತ್ತು ರೂತ್ ಬೇತ್ 1972ರಲ್ಲಿ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೊರಡುವ ಮೊದಲು ಇಸ್ರೇಲಿನ ವಿದ್ಯಾರ್ಥಿಗಳಿಂದ ಏನೇನಾಗುವ ಸಂಭವ ಎಷ್ಟೆಷ್ಟು ಎಂದು ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ, ಆಗ ನೀವು ಬರೆದದ್ದು ಎಷ್ಟು, ನೆನಪಿಸಿಕೊಂಡು ಹೇಳಿ ಎಂದರು. ಆದದ್ದನ್ನು ತಾವು ಮೊದಲೇ ಹೆಚ್ಚು ನಿರೀಕ್ಷಿಸಿದ್ದೆವು ಎಂದು ಬಹಳ ಮಂದಿ ಹೇಳಿದರು. ಹಾಳೆಯಲ್ಲಿ ಹಾಗಿರಲಿಲ್ಲ. ಆದದ್ದು ಆದ ಮೇಲೆ, ಅದು ಮೊದಲೇ ಎದ್ದು ಕಾಣುತ್ತಿತ್ತು ಅನಿಸುವುದು ಮನಸ್ಸಿನ ಸ್ವಭಾವ. ಎದೆ ಉರಿ ಎಂದು ಒಂದು ಮಾತ್ರೆ ಕೊಟ್ಟು ಮಲಗಿಸಿದ ರಾತ್ರಿ ತಮ್ಮನಿಗೆ ಗೊತ್ತಿದ್ದದ್ದು ಅಷ್ಟೇ. ಆಮೇಲಿನ ಇಸಿಜಿಯನ್ನು ಅವನು ಅಂದು ನೋಡಿರಲಿಲ್ಲ. ಅಪ್ಪನಿಗೆ ಅದಕ್ಕೂ ಮೊದಲು ಎಷ್ಟು ಸಲ ಬರಿ ಗ್ಯಾಸ್ಟ್ರಿಕ್ಕೇ ಆಗಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅವನು ತಪ್ಪು ಮಾಡಿರಬಹುದು. ಆದರೆ ಆ ತಪ್ಪಿನ ಭಾರವನ್ನು ಅವನು ಆಗಲೇ ಹೊರುತ್ತಿದ್ದಾನೆ ಎಂದೇ ನನ್ನ ಊಹೆ. ಅವನ ಏರುದನಿಯಲ್ಲಿ ಅದರ ಪಾಲೂ ಇರಬಹುದು.

ಓಡಾಡಿದ್ದೆಲ್ಲ ಹೆಚ್ಚಾಗಿ ನಾನೇ ಎಂಬ ಮಾತಿಗೆ ಬಹಳ ಹೇಳಬೇಕಾಗಿಲ್ಲ. ಕೆನಡಾದ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರಲ್ಲಿ 37 ದಂಪತಿಗಳನ್ನು ಬೇರೆ ಬೇರೆ ಕೂರಿಸಿ, ಮನೆಗೆಲಸಗಳಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದಾಗ, ಇಬ್ಬರ ಪಾಲು ಕೂಡಿಸಿದರೆ ಸಾಮಾನ್ಯವಾಗಿ ನೂರನ್ನು ಮೀರುತ್ತಿತ್ತು. ಜಗಳ ಶುರುಮಾಡುವುದು ಯಾರು ಎಂಬಂಥ ಕೆಟ್ಟ ಕೆಲಸಗಳಲ್ಲೂ ಹೀಗೇ ಆಯಿತು, ಹಾಗಾಗಿ ಇದು ಬರೀ ಜಂಬವಲ್ಲ. ನಾವು ಮಾಡಿದ್ದು ನಮಗೆ ಥಟ್ಟನೆ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದು ನಾವು ನೋಡದ ಹೊತ್ತಿನಲ್ಲಿ ನಡೆದಿರುತ್ತದೆ. ನೀವು ಆಸ್ಪತ್ರೆಯ ಬಿಲ್ಲು ಕಟ್ಟಿದ್ದು ನಿಮಗೆ ನೆನಪಿದೆ. ರಾತ್ರಿ ಹೊತ್ತು ಅಪ್ಪನನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದವರು ಯಾರು? ಒಮ್ಮೆ ಕೇಳಿ ನೋಡಿ.

ನಿಮಗಿರುವ ಕಾಯಿಲೆಯ ಭಯಕ್ಕೆ ಬರುತ್ತೇನೆ. ಒಂದು ಮಾತನ್ನು ಇಬ್ಬರು ಬೇರೆ ಬೇರೆಯಾಗಿ ನೆನಪಿಟ್ಟುಕೊಂಡದ್ದು ಮರೆವಿನ ಕಾಯಿಲೆಯ ಲಕ್ಷಣವಲ್ಲ. ಅದರ ಗುರುತುಗಳು ಬೇರೆ. ಗಂಟೆಯೊಳಗೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಓಡಾಡಿದ ಬೀದಿಯಲ್ಲೇ ದಾರಿ ತಪ್ಪುವುದು, ವರ್ಷಗಟ್ಟಲೆ ಮಾಡಿದ ಅಡುಗೆಯಲ್ಲಿ ಮುಂದೇನು ಎಂದು ತೋಚದಿರುವುದು, ಮನೆಯವರೇ ಇದನ್ನೆಲ್ಲ ಗಮನಿಸಿ ಹೇಳುವುದು. ಹಾಗೇನಾದರೂ ಇದ್ದರೆ ನರರೋಗ ತಜ್ಞರನ್ನೋ ಮನೋವೈದ್ಯರನ್ನೋ ಕಾಣಿ. ನಿಮ್ಮ ಪತ್ರದ ಒಕ್ಕಣೆಯಲ್ಲಿ ನನಗೆ ಅಂಥದ್ದೇನೂ ಕಾಣಲಿಲ್ಲ. ಆದರೆ ನಿದ್ದೆಗೆಟ್ಟರೆ ಎಂಥವರಿಗೂ ಮರೆವು ಹೆಚ್ಚುತ್ತದೆ. ಹೀಗೇ ಮುಂದುವರಿದರೆ ವೈದ್ಯರಿಗೆ ತೋರಿಸಿ. ನಡುರಾತ್ರಿ ಯಾರೊಂದಿಗಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ಸೈಟು. ನಾನು ವಕೀಲೆಯಲ್ಲ. ಆದರೂ ಒಂದು ವಿಷಯ ನಿಮ್ಮಿಬ್ಬರಿಗೂ ಗೊತ್ತಿರಬೇಕು. ಹಿಂದೂಗಳ ಉಯಿಲು ಬರಹದಲ್ಲಿರಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಯುದ್ಧಭೂಮಿಯಲ್ಲಿರುವ ಸೈನಿಕರಂಥ ಕೆಲವರಿಗೆ ಬಿಟ್ಟರೆ ಬಾಯಿಮಾತಿನ ಉಯಿಲಿಗೆ ಬೆಲೆಯಿಲ್ಲ. ಅಂದರೆ ಅಪ್ಪ ಜಗಲಿಯಲ್ಲಿ ನೀವು ಹೇಳಿದ್ದನ್ನೇ ಅಂದಿದ್ದರೂ, ತಮ್ಮ ಹೇಳಿದ್ದನ್ನೇ ಅಂದಿದ್ದರೂ, ಕಾನೂನಿನ ಮಟ್ಟಿಗೆ ಎರಡೂ ಒಂದೇ. ತಂದೆ ಸ್ವಂತ ದುಡಿಮೆಯಲ್ಲಿ ಕೊಂಡದ್ದು ಉಯಿಲಿಲ್ಲದೆ ಉಳಿದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳಿಗೆ ಸಮಪಾಲು. ನೀವಿಬ್ಬರೂ ಮರೆತಂತಿರುವ ಅಮ್ಮನಿಗೂ ಅದರಲ್ಲಿ ಪಾಲಿದೆ. ತೋಟ ಪಿತ್ರಾರ್ಜಿತವಾಗಿದ್ದರೆ ಅದರ ಲೆಕ್ಕ ಬೇರೆ. ಅಲ್ಲಿಯೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಮದುವೆಗೆ ಖರ್ಚು ಮಾಡಿದ್ದಾಯಿತು ಎಂಬುದು ಆ ಹಕ್ಕನ್ನು ಕಳೆಯುವುದಿಲ್ಲ.

ಇದು ಗೊತ್ತಾದ ಮೇಲೆ ಮಾತಿನ ದಿಕ್ಕೇ ಬದಲಾಗಬೇಕು. ಅಪ್ಪ ಏನು ಹೇಳಿದರು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಆ ಜಗಳವನ್ನು ಇಬ್ಬರೂ ಕೈಬಿಡಿ. ಈಗ ಏನು ಮಾಡಿದರೆ ಮೂವರಿಗೂ ನ್ಯಾಯ ಎಂಬ ಪ್ರಶ್ನೆಗೆ ಉತ್ತರವಿದೆ. ತೋಟದ ಸಾಲ ಎಷ್ಟು, ಬ್ಯಾಂಕಿನ ಕಾಗದ ಎಲ್ಲಿ, ಸೈಟಿಗೆ ಇವತ್ತಿನ ಬೆಲೆಯೇನು, ಅಮ್ಮನ ಮುಂದಿನ ದಿನಗಳಿಗೆ ಎಷ್ಟು ಬೇಕು, ಇವೆಲ್ಲ ಕಾಗದದ ಮೇಲೆ ಬರುವ ಸಂಗತಿಗಳು. ಕೂತು ಮಾತಾಡುವ ಮೊದಲು ಅಕ್ಕತಮ್ಮ ಇಬ್ಬರೂ, ಒಬ್ಬರದು ಇನ್ನೊಬ್ಬರು ನೋಡದೆ, ತಮಗೆ ನ್ಯಾಯ ಅನಿಸುವ ಹಂಚಿಕೆಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ತೆರೆದು ನೋಡಿ. ಎರಡೂ ಹಾಳೆಗಳು ನೀವು ಹೆದರಿದ್ದಕ್ಕಿಂತ ಹತ್ತಿರ ಇದ್ದರೆ ನನಗೆ ಆಶ್ಚರ್ಯವಿಲ್ಲ. ಸಾಲದ ಭಾರವನ್ನು ನೋಡಿ ನಿಮ್ಮ ಪಾಲಿನಲ್ಲಿ ಸ್ವಲ್ಪ ಬಿಟ್ಟುಕೊಡಬೇಕು ಅನಿಸಿದರೆ ಬಿಟ್ಟುಕೊಡಿ, ಅದು ನಿಮ್ಮ ಮನಸ್ಸಿನಿಂದ ಬಂದದ್ದಾಗಿರಲಿ. ಸುಳ್ಳುಗಾತಿ ಅನಿಸಿಕೊಳ್ಳುವ ಭಯದಿಂದ ಬೇಡ.

ಮೊದಲು ತಮ್ಮನಿಗೆ ಒಂದು ಫೋನು ಮಾಡಿ. ಎಲ್ಲರ ಮುಂದೆ ಬೇಡ, ಯಜಮಾನರು ಪಕ್ಕದಲ್ಲಿ ಇಲ್ಲದಾಗ ಮಾಡಿ. "ನೀನು ಸುಳ್ಳು ಹೇಳ್ತಿದೀಯ ಅಂತ ನಾನು ಇನ್ನು ಅನ್ನಲ್ಲ ಕಣೋ. ನಂಗೆ ಹಾಗೆ ನೆನಪಿದೆ, ನಿಂಗೆ ಹೀಗೆ ನೆನಪಿದೆ, ಅಷ್ಟೇ" ಎಂದು ಹೇಳಿ. ನಂತರ ದಾಖಲೆಗಳನ್ನು ತಿಪಟೂರಿನಲ್ಲೋ ಮೈಸೂರಿನಲ್ಲೋ ಇಬ್ಬರಿಗೂ ಒಪ್ಪಿಗೆಯಾಗುವ ಒಬ್ಬ ವಕೀಲರಿಗೆ ತೋರಿಸಿ. ದುಡ್ಡಿಲ್ಲದಿದ್ದರೂ ಚಿಂತೆಯಿಲ್ಲ, ಮಹಿಳೆಯರಿಗೆ ಜಿಲ್ಲಾ ಮತ್ತು ತಾಲ್ಲೂಕು ಕಾನೂನು ಸೇವಾ ಸಂಸ್ಥೆಗಳಲ್ಲಿ ಉಚಿತ ನೆರವು ಇದೆ. ಅವರು ಪತ್ರವನ್ನು ಓದಿ, ಒಂದೊಂದು ಸಾಲಿನ ಅರ್ಥವನ್ನು ನಿಮಗೂ ಅಮ್ಮನಿಗೂ ಬಿಡಿಸಿ ಹೇಳುವ ತನಕ ಆ ಖುಲಾಸೆ ಪತ್ರಕ್ಕೆ ಸಹಿ ಹಾಕಬೇಡಿ.